ಇಸ್ತ್ರಿ ಅಕ್ಕ ಕಾಲು ಚಾಚಿದ್ದು

ಇಸ್ತ್ರಿ ಅಕ್ಕ ನಿಂತೇ ಕನಸು ಕಾಣುವವಳು. ಮಲಗಿ ಕನಸು ಕಾಣುವುದು ಎಲ್ಲರಿಗೂ ಬಂದ ವಿದ್ಯೆ. ಕೂತಲ್ಲೇ ಕಾಣುವವರು ಆಫೀಸಿಗೊಬ್ಬರಂತೆ ಸಿಗುತ್ತಾರೆ. ಆದರೆ ನಿಂತುಕೊಂಡು, ಕಾದ ಕಬ್ಬಿಣವನ್ನು ಕೈಯಲ್ಲಿ ಹಿಡಿದು, ಒಂದು ಗುಂಡಿಯನ್ನೂ ಕರಗಿಸದೆ ಕನಸು ಕಾಣಬೇಕೆಂದರೆ ಅದಕ್ಕೆ ಅಕ್ಕನೇ ಆಗಬೇಕು.

ಅಂಗಡಿ ಬೀದಿಯ ತಿರುವಿನಲ್ಲಿತ್ತು. ಒಂದು ಪಕ್ಕ ದರ್ಜಿ, ಇನ್ನೊಂದು ಪಕ್ಕ ಬೀಗ ರಿಪೇರಿಯವನು, ನಡುವೆ ಉದ್ದಕ್ಕೆ ಹೋದ ಈ ಇಕ್ಕಟ್ಟು ಕೋಣೆ. ಬಾಗಿಲಲ್ಲಿ ಕೌಂಟರ್, ಅದರ ಹಿಂದೆ ಎತ್ತರದ ಸ್ಟೂಲು, ಸ್ಟೂಲಿನ ಹಿಂದೆ ಕಂಬಳಿ ಹೊದಿಸಿದ ಇಸ್ತ್ರಿ ಮೇಜು, ಮೇಜಿನಾಚೆ ಒಂದು ಪರದೆ. ತಲೆಯ ಮೇಲೆ ಉದ್ದಕ್ಕೂ ಕಂಬಿ. ಕಂಬಿಯ ತುಂಬ ಊರವರ ಅಂಗಿ, ಕೋಟು, ಪ್ಯಾಂಟು. ಫ್ಯಾನು ತಿರುಗಿದರೆ ಅವೆಲ್ಲ ಒಟ್ಟಿಗೆ ಒಂದು ಹೆಜ್ಜೆ ಮುಂದಿಟ್ಟು, ಏನೋ ಮರೆತುಬಂದವರ ಹಾಗೆ ಹಿಂದಕ್ಕೆ ಸರಿಯುತ್ತಿದ್ದವು. ಸ್ಟೂಲಿನ ಮೇಲೆ ಕೂತು ಗುಂಡಿ ಹಾಕುವುದು, ಹರಿದ ಅಂಚು ಹೊಲಿಯುವುದು, ಗಿರಾಕಿಗಳ ಜೊತೆ ಹರಟುವುದು ತಂಗಿಯ ಪಾಲು. ಐವತ್ತು ದಾಟಿದ್ದರೂ, ತಲೆ ಅರ್ಧ ನರೆತಿದ್ದರೂ, ಬೀದಿಗೆಲ್ಲ ಅವಳು ಪುಟ್ಟಿ. ಮೇಜಿನ ಮುಂದೆ ನಿಲ್ಲುವುದು ಅಕ್ಕನ ಪಾಲು. ಅಕ್ಕನಿಗೆ ಗಂಡ ಅಂತ ಒಬ್ಬ ಬಂದು, ಬೇಗ ತೀರಿಕೊಂಡ. ಪುಟ್ಟಿಗೆ ಬರಲೇ ಇಲ್ಲ. ಬಂದು ಹೋದದ್ದಕ್ಕೂ ಬರದೇ ಇದ್ದದ್ದಕ್ಕೂ ಮನೆಯಲ್ಲಿ ಅಂಥ ವ್ಯತ್ಯಾಸವೇನೂ ಇಲ್ಲ, ಅದೇ ಎರಡು ತಟ್ಟೆ, ಅದೇ ಎರಡು ಲೋಟ ಎಂದು ಇಬ್ಬರೂ ನಗುತ್ತಿದ್ದರು. ಅಂಗಡಿಯ ಮೇಲಿನ ಮನೆಯಲ್ಲೇ ಅವರ ವಾಸ.

ನೀರು ಚಿಮುಕಿಸಿ ಇಸ್ತ್ರಿ ಪೆಟ್ಟಿಗೆ ಒತ್ತಿದರೆ ಸುಯ್ಯೆಂದು ಹಬೆ ಏಳುತ್ತಿತ್ತು. ಹಬೆಯ ಜೊತೆ ಅಕ್ಕನೂ ಏಳುತ್ತಿದ್ದಳು. ಕೈ ಮೇಜಿನ ಮೇಲೇ ಇರುತ್ತಿತ್ತು, ಅವಳು ಇರುತ್ತಿರಲಿಲ್ಲ. ಬ್ಯಾಂಡಿನವನ ಕೆಂಪು ಕೋಟು ಹರಡಿದರೆ ಯಾವುದೋ ದೊಡ್ಡ ಮನೆಯ ಮಹಡಿ ಮೆಟ್ಟಿಲು. ಒಳಗೆ ವಾದ್ಯ ನುಡಿಯುತ್ತಿದೆ, ಬಾಗಿಲು ಮಾತ್ರ ಸಿಗುತ್ತಿಲ್ಲ. ಹೆಡ್‌ಮಾಸ್ತರ ಪ್ಯಾಂಟಿನ ಜೇಬಿನಿಂದ ಸೀಮೆಸುಣ್ಣದ ಪುಡಿ ಉದುರಿದರೆ ಒಂದು ಖಾಲಿ ಶಾಲೆ, ಅದರ ಕೊನೆಯ ಬೆಂಚಿನಲ್ಲಿ ತಾನು. ಲಾಡ್ಜಿನ ಬಿಳಿ ಬೆಡ್‌ಶೀಟು ಬಂದರಂತೂ ಸುಗ್ಗಿ. ಮೇಜಿನಿಂದಾಚೆಗೂ ಇಳಿಬೀಳುವ ಆ ಬಿಳುಪು ಯಾರೂ ಕಾಲಿಡದ ಮರಳಾಗುತ್ತಿತ್ತು. ಅಕ್ಕ ಬರಿಗಾಲಲ್ಲಿ ಅದರ ಮೇಲೆ ನಡೆಯುತ್ತ ಹೋಗುತ್ತಿದ್ದಳು. ಕಾಲಿಗೆ ಮರಳು ತಣ್ಣಗೆ ತಾಕುತ್ತಿತ್ತು. ಅಷ್ಟರಲ್ಲಿ ಶೀಟು ಮುಗಿಯುತ್ತಿತ್ತು, ಇನ್ನೊಂದು ಬರುತ್ತಿತ್ತು, ಮತ್ತೆ ನಡಿಗೆ.

"ಅಕ್ಕ ಇದಾರಾ?" ಎಂದು ಗಿರಾಕಿ ಕೇಳಿದರೆ ಪುಟ್ಟಿ ಹಿಂದಿರುಗಿ ನೋಡಿ, "ಇಲ್ಲೇ ಇದಾಳೆ, ಆದ್ರೆ ಊರಲ್ಲಿಲ್ಲ. ಸ್ವಲ್ಪ ತಡೀರಿ, ಬರ್ತಾಳೆ" ಅನ್ನುತ್ತಿದ್ದಳು.

ಇಂಥ ಸುಖಕ್ಕೆ ಮೊದಲು ಅಡ್ಡ ಬಂದದ್ದು ತುರಿಕೆ. ಎಡಗಾಲಿನ ಒಳಗಡೆ, ಹರಡಿಗಿಂತ ಸ್ವಲ್ಪ ಮೇಲೆ, ಇರುವೆ ಹರಿದ ಹಾಗೆ. ಮರಳಿನ ಮೇಲೆ ಹಾಯಾಗಿ ನಡೆಯುತ್ತಿದ್ದವಳನ್ನು ಅದು ಕಾಲು ಹಿಡಿದು ಎಳೆದು ತಂದು ಮೇಜಿನ ಮುಂದೆ ನಿಲ್ಲಿಸುತ್ತಿತ್ತು. ಸಂಜೆಯ ಹೊತ್ತಿಗೆ ಪಾದ ಊದಿ ಚಪ್ಪಲಿಯ ಪಟ್ಟಿ ಮಾಂಸದೊಳಗೆ ಹೂತಿರುತ್ತಿತ್ತು. ಬೆಳಿಗ್ಗೆ ಇಳಿಯುತ್ತಿತ್ತು, ಸಂಜೆ ಮತ್ತೆ ಏರುತ್ತಿತ್ತು. ತುರಿಸುವ ಜಾಗ ಬರಬರುತ್ತಾ ಒಣಗಿ ಹೊಟ್ಟು ಎದ್ದಿತು. ಆಮೇಲೆ ಕಂದು ಬಣ್ಣಕ್ಕೆ ತಿರುಗಿತು. ಕಾವು ಹೆಚ್ಚಾದ ಪೆಟ್ಟಿಗೆಯನ್ನು ಬಿಳಿ ಬಟ್ಟೆಯ ಮೇಲೆ ಒಂದು ಗಳಿಗೆ ಮರೆತರೆ ಬೀಳುವ ಬಣ್ಣ ಅದು. ಅಕ್ಕ ಅದನ್ನು ನೋಡಿದಳು, ಸೀರೆಯ ಅಂಚು ಇಳಿಬಿಟ್ಟಳು, ಬಟ್ಟೆಗೆ ಹಾಕುವ ಗಂಜಿಯದೇ ದೋಷ ಎಂದು ತೀರ್ಮಾನಿಸಿದಳು.

ಗಂಜಿ ಬದಲಾಯಿಸಿದ್ದಾಯಿತು. ಸೋಪು ಬದಲಾಯಿಸಿದ್ದಾಯಿತು. ಔಷಧಿ ಅಂಗಡಿಯಲ್ಲಿ ಹೆಸರು ಕೇಳದೆ ತಂದ ಒಂದು ಟ್ಯೂಬು ಹಚ್ಚಿ, ಬೆಂಕಿ ಇಟ್ಟ ಹಾಗೆ ಉರಿಸಿಕೊಂಡದ್ದೂ ಆಯಿತು. ದರ್ಜಿ, "ರಕ್ತ ಕೆಟ್ಟಿದೆ ಅಕ್ಕಾ, ಕಹಿ ಕಷಾಯ ಕುಡೀರಿ" ಎಂದ. ಬೀಗದವನು, "ನಾನಾದ್ರೆ ಎಲ್ಲದಕ್ಕೂ ಎಣ್ಣೆನೇ ಬಿಡೋದು" ಎಂದ. ಊರಿನಲ್ಲಿ ಔಷಧಿ ಕೊಡುವವರು ಕಡಿಮೆ, ಹೇಳುವವರಿಗೆ ಬರವಿಲ್ಲ. ಕೊನೆಗೆ ಅಕ್ಕ ತನ್ನದೇ ಉಪಾಯ ಕಂಡುಕೊಂಡಳು. ತಂತಿಯ ಹ್ಯಾಂಗರೊಂದನ್ನು ನೇರ ಮಾಡಿ, ತುದಿಗೆ ಚಿಂದಿ ಸುತ್ತಿ ಮೇಜಿನ ಕಾಲಿಗೆ ನೇತುಹಾಕಿದಳು. ಬಲಗೈ ಇಸ್ತ್ರಿ ಮಾಡುತ್ತಿದ್ದರೆ ಎಡಗೈ ಬಗ್ಗದೆ, ಬಳುಕದೆ ಕೆರೆಯುತ್ತಿತ್ತು. ಕೆರೆಯುವಾಗ ಸ್ವರ್ಗ, ನಿಲ್ಲಿಸಿದರೆ ಉರಿ, ಉರಿ ತಡೆಯಲಾರದೆ ಮತ್ತೆ ಸ್ವರ್ಗ.

ಒಳಗೊಳಗೆ ಅವಳಿಗೆ ಗೊತ್ತಿರಲಿಲ್ಲವೆಂದಲ್ಲ. ಈ ಮೇಜಿನ ಮುಂದೆ ಅವಳಿಗಿಂತ ಮುಂಚೆ ನಿಂತವಳು ಅಮ್ಮ. ಅಮ್ಮನ ಕಾಲೂ ಮೊದಲು ತುರಿಸಿತ್ತು, ಆಮೇಲೆ ಕಂದಿತ್ತು, ಆಮೇಲೆ ಒಂದು ದಿನ ಒಡೆದು ಅಂಗೈಯಗಲದ ಹುಣ್ಣಾಗಿ ಕೂತಿತ್ತು. ಮಾಯಲೇ ಇಲ್ಲ. ಕಾಲಿಗೆ ಸುತ್ತಿದ ಬಟ್ಟೆಯನ್ನು ದಿನಾ ಒಗೆಯುವುದು ಅಕ್ಕತಂಗಿಯರ ಸರದಿ. ಇವತ್ತು ಇವಳು, ನಾಳೆ ಅವಳು. ಅಮ್ಮ ಮಂಚದಲ್ಲಿ ಗೋಡೆ ಕಡೆ ಮುಖ ಮಾಡಿ, "ನಿಮಗೆ ವಾಸನೆ ಬರುತ್ತೇನ್ರೇ?" ಎಂದು ಕೇಳುವುದು, ಇಬ್ಬರೂ ಒಟ್ಟಿಗೆ, "ಇಲ್ಲಮ್ಮಾ" ಅನ್ನುವುದು. ಬರುತ್ತಿತ್ತು.

ಅಮ್ಮನ ಕೈಯಿಂದ ಪೆಟ್ಟಿಗೆ ಇಳಿದ ದಿನ ಅಕ್ಕ ಒಂದು ನಿಶ್ಚಯ ಮಾಡಿದ್ದಳು. ಈ ಮೇಜು ತಿನ್ನುವುದಾದರೆ ಒಂದು ಜೊತೆ ಕಾಲು ತಿನ್ನಲಿ, ಎರಡು ಬೇಡ. ನಿಲ್ಲುವವಳು ನಾನು, ಪುಟ್ಟಿ ಕೂರಲಿ. ಹಾಗಂತ ಬಾಯಿಬಿಟ್ಟು ಹೇಳಿದ್ದರೆ ಪುಟ್ಟಿ ಕೇಳುತ್ತಿದ್ದಳೇ? ಜಗಳವಾಡಿಯಾದರೂ ಪೆಟ್ಟಿಗೆ ಕಿತ್ತುಕೊಳ್ಳುತ್ತಿದ್ದಳು. ಅದಕ್ಕೇ ಅಕ್ಕ ಬೇರೆ ದಾರಿ ಹಿಡಿದಳು. ಹುಡುಗಿಯಾಗಿದ್ದಾಗ ಪುಟ್ಟಿ ಒಮ್ಮೆ ಯಾರದೋ ಕಾಲರ್ ಸುಟ್ಟಿದ್ದಳು. ಆ ಒಂದು ಕಾಲರನ್ನು ಅಕ್ಕ ಇಷ್ಟು ವರ್ಷ ಆರದ ಹಾಗೆ ಕಾಪಾಡಿಕೊಂಡು ಬಂದಳು. ಪುಟ್ಟಿ ಪೆಟ್ಟಿಗೆಯತ್ತ ಕೈ ಚಾಚಿದರೆ ಸಾಕು, "ಬೇಡಮ್ಮಾ ತಾಯಿ, ನಿನ್ನ ಕೈಗೆ ಕೊಟ್ರೆ ಅಂಗಿ ಹೋಗಿ ನೆಲ ಒರೆಸೋ ಬಟ್ಟೆ ಆಗುತ್ತೆ" ಎಂದು ನಾಲ್ಕು ಜನರ ಮುಂದೆ ನಗಾಡುವಳು. ಪುಟ್ಟಿಗೆ ನೋಯುತ್ತಿತ್ತು. ನೋಯುವುದು ಅಕ್ಕನಿಗೂ ಕಾಣುತ್ತಿತ್ತು. ಮನಸ್ಸು ನೊಂದರೆ ನೋಯಲಿ, ಕಾಲು ಉಳಿಯಲಿ ಎಂಬುದು ಅವಳ ಲೆಕ್ಕ.

ಹೀಗಿರುವಾಗ ಒಂದು ಮಧ್ಯಾಹ್ನ ಪುಟ್ಟಿ ಲಾಡ್ಜಿನ ಬೆಡ್‌ಶೀಟುಗಳನ್ನು ಮಡಿಸುತ್ತಿದ್ದವಳು ಕೈ ತಡೆದಳು. ಒಂದು ಶೀಟಿನ ಅಂಚಿನಲ್ಲಿ ಹಳದಿ ಕಲೆ, ಒಣಗಿ ಬಿರುಸಾಗಿತ್ತು. ಮೇಜಿನಿಂದ ಇಳಿಬಿದ್ದಾಗ ಅಕ್ಕನ ಕಾಲಿಗೆ ತಾಗುವ ಅಂಚು ಅದು.

"ಅಕ್ಕಾ, ಇದೇನು ಕಲೆ?"

ಅಕ್ಕ ಊರಲ್ಲಿರಲಿಲ್ಲ. ಪುಟ್ಟಿ ಮತ್ತೆ ಕೂಗಿದಳು. ಅಕ್ಕ ಬಂದು ಕಣ್ಣು ಕಿರಿದು ಮಾಡಿ ನೋಡಿದಳು. ಹಣ್ಣಿನ ಕಲೆ, ತುಕ್ಕಿನ ಕಲೆ, ಶಾಯಿ, ಮೇಣ, ಕಣ್ಣೀರಿನ ಜೊತೆ ಇಳಿದ ಕಾಡಿಗೆ, ಇವೆಲ್ಲ ಅವಳಿಗೆ ನೆಂಟರಷ್ಟು ಗುರುತು. "ಟೀ ಇರಬೇಕು" ಎಂದಳು.

ಪುಟ್ಟಿ ಶೀಟನ್ನು ಮೂಗಿಗೆ ಹಿಡಿದಳು. ಅವಳ ಮುಖ ಒಮ್ಮೆಗೇ ಬಿಳಿಚಿಕೊಂಡಿತು. "ಟೀ ಅಲ್ಲ ಇದು. ಇದನ್ನ ನಾವಿಬ್ರೂ ಒಗೆದಿದೀವಿ" ಎಂದಳು. ಆಮೇಲೆ ಸ್ಟೂಲಿನಿಂದ ಇಳಿದು, ನೆಲದ ಮೇಲೆ ಕೂತು, ಅಕ್ಕ ಬೇಡ ಬೇಡ ಅನ್ನುತ್ತಿದ್ದರೂ ಸೀರೆಯ ಅಂಚು ಎತ್ತಿದಳು. ಕಂದಿದ ಚರ್ಮದ ಮೇಲೆ ಕೆರೆದ ಗೀರು, ಗೀರಿನ ತುದಿಯಲ್ಲಿ ನೀರು ಜಿನುಗುತ್ತಿತ್ತು. ಪುಟ್ಟಿ ಎದ್ದು, ಮೇಜಿನ ಕಾಲಿಗೆ ನೇತಾಡುತ್ತಿದ್ದ ತಂತಿಯನ್ನು ತೆಗೆದು ಬೀದಿಗೆ ಎಸೆದಳು.

ಚರ್ಮದ ಡಾಕ್ಟರು ಒಬ್ಬ ಹೆಂಗಸು, ಮಾತು ಚುರುಕು. ಅಕ್ಕನ ಎರಡೂ ಕಾಲು ಮುಟ್ಟಿ ನೋಡಿದರು, ಹೆಬ್ಬೆರಳಿನಿಂದ ಒತ್ತಿ ಬಿದ್ದ ಗುಳಿಯನ್ನು ಕಂಡರು, ಒಂದು ಸಣ್ಣ ಯಂತ್ರ ಇಟ್ಟು ಪಾದಕ್ಕೆ ರಕ್ತ ಸರಿಯಾಗಿ ಇಳಿಯುತ್ತಿದೆಯೇ ಎಂದು ಕೇಳಿಸಿಕೊಂಡರು. ಆಮೇಲೆ ಹೇಳಿದರು: "ಇಳಿಯೋದು ಚೆನ್ನಾಗಿ ಇಳೀತಿದೆ, ಹತ್ತೋದೇ ಕಷ್ಟ ಆಗಿರೋದು. ನಡೆಯುವಾಗ ಈ ಮೀನಖಂಡ ಹಿಂಡಿ ಹಿಂಡಿ ರಕ್ತಾನ ಮೇಲಕ್ಕೆ ಕಳಿಸುತ್ತೆ. ಒಳಗೆ ಸಣ್ಣ ಸಣ್ಣ ಕದ ಇರ್ತವೆ, ಮೇಲೆ ಹೋದದ್ದು ವಾಪಸ್ ಬೀಳದ ಹಾಗೆ. ನಿಮ್ಮ ಕದಗಳು ಸಡಿಲ ಆಗಿವೆ. ರಕ್ತ ಕೆಳಗೇ ನಿಲ್ಲುತ್ತೆ. ನಿಂತಿದ್ದು ಸುಮ್ನೆ ಇರುತ್ತಾ? ಚರ್ಮಕ್ಕೆ ಕಾಟ ಕೊಡುತ್ತೆ."

ಸಣ್ಣ ಸಣ್ಣ ಕದ ಎಂಬ ಮಾತು ಕೇಳಿದ್ದೇ ತಡ, ಅಕ್ಕ ಹೊರಟುಹೋದಳು. ತನ್ನ ಕಾಲಿನೊಳಗೆ ಒಂದು ಉದ್ದದ ಓಣಿ. ಓಣಿಯ ಉದ್ದಕ್ಕೂ ಬಾಗಿಲುಗಳು, ಒಂದೊಂದೂ ಗಾಳಿಗೆ ಮೆಲ್ಲಗೆ ಬಡಿದುಕೊಳ್ಳುತ್ತಿದೆ. ಕೆಂಪು ಬಟ್ಟೆಯುಟ್ಟ ಜನ ಮನೆಗೆ ಹೋಗಲು ಮೆಟ್ಟಿಲು ಹತ್ತುತ್ತಿದ್ದಾರೆ, ಸುಸ್ತಾಗಿ ಅರ್ಧದಲ್ಲೇ ಕೂರುತ್ತಿದ್ದಾರೆ. ಅಯ್ಯೋ ಪಾಪ ಎನಿಸಿತು ಅವಳಿಗೆ. ಡಾಕ್ಟರು ಇನ್ನೂ ಏನೇನೋ ಹೇಳುತ್ತಿದ್ದರು; ಪುಟ್ಟಿ ತಲೆ ತಗ್ಗಿಸಿ ಒಂದೊಂದನ್ನೂ ಕೇಳಿಸಿಕೊಳ್ಳುತ್ತಿದ್ದಳು. ಅಕ್ಕ ಹಿಂದಿರುಗಿ ಬಂದಾಗ ಡಾಕ್ಟರು ಕೊನೆಯ ಮಾತಿನಲ್ಲಿದ್ದರು.

"ಮುಲಾಮು ಸ್ವಲ್ಪ ದಿನ ಮಾತ್ರ, ಹೇಳಿದಷ್ಟೇ. ಕೆರೆಯೋ ಹಾಗಿಲ್ಲ. ಬೆಳಿಗ್ಗೆ ಮಂಚ ಇಳಿಯೋ ಮುಂಚೆ ಬಿಗಿ ಕಾಲುಚೀಲ ಹಾಕ್ಕೋಬೇಕು. ಮಧ್ಯಾಹ್ನ ಮಲಗಿ ಕಾಲನ್ನ ಎದೆಗಿಂತ ಎತ್ತರಕ್ಕೆ ಇಟ್ಕೋಬೇಕು."

"ಮೇಜು ಬಿಡಬೇಕಾ ಡಾಕ್ಟ್ರೇ?" ಅಕ್ಕ ಕೇಳಿದಳು. ಅವಳಿಗೆ ಬೇಕಾಗಿದ್ದದ್ದು ಅದೊಂದೇ ಉತ್ತರ.

"ಬಿಡಿ ಅಂತ ನಾನು ಹೇಳಲ್ಲ. ನಿಂತಲ್ಲೇ ನಿಲ್ಲಬೇಡಿ ಅಂತೀನಿ. ಆದ್ರೆ ಒಡೆದು ಹುಣ್ಣಾದ್ರೆ ಮೇಜೂ ಇಲ್ಲ, ಓಡಾಟಾನೂ ಇಲ್ಲ. ಅದು ಮಾಯೋಕೆ ತಿಂಗಳುಗಟ್ಟಲೆ ಬೇಕು."

ಬಿಗಿ ಕಾಲುಚೀಲ ಬಂತು. ಬಟ್ಟೆಯ ವಿಷಯದಲ್ಲಿ ಅಕ್ಕನಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ, ಆದರೂ ಇದನ್ನು ತಿರುವಿ ಮುರುವಿ ನೋಡಿ, "ಇದೇನಿದು, ಬಟ್ಟೆಯೋ ರಬ್ಬರೋ? ಇಷ್ಟು ದಪ್ಪ ಕಾಲು ಇಷ್ಟು ಸಣ್ಣ ಚೀಲಕ್ಕೆ ಹೋಗೋದು ಅಂದ್ರೇನು!" ಎಂದಳು. ಹೋಗುತ್ತಿತ್ತು, ಆದರೆ ಸುಮ್ಮನೆ ಅಲ್ಲ. ಬೆಳಿಗ್ಗೆ ಅಕ್ಕ ಮಂಚದಲ್ಲಿ ಕೂತು ಗೋಡೆ ಹಿಡಿದುಕೊಂಡರೆ ಪುಟ್ಟಿ ಹಲ್ಲು ಕಚ್ಚಿ ಎಳೆಯುವಳು. ಎಳೆದೂ ಎಳೆದೂ ಇಬ್ಬರಿಗೂ ನಗು ಬಂದು, ನಕ್ಕು ಸುಸ್ತಾಗಿ, ಮತ್ತೆ ಎಳೆಯುವರು. ಹಾಕಿಕೊಂಡ ಮೇಲೆ ಮಾತ್ರ ಕಾಲನ್ನು ಯಾರೋ ಎರಡೂ ಕೈಯಲ್ಲಿ ಹಿಡಿದುಕೊಂಡ ಹಾಗೆ ಹಿತ. ತುರಿಕೆ ತಗ್ಗಿತು, ನೀರು ನಿಂತಿತು. ಅಕ್ಕ ಮತ್ತೆ ಮರಳಿನ ಮೇಲೆ ನಡೆಯತೊಡಗಿದಳು.

ಆಮೇಲೆ ಅವಳು ಮಾಡಿದ ಕೆಲಸವನ್ನು ಭೂಮಿಯ ಮೇಲೆ ಇಸ್ತ್ರಿಯವರನ್ನು ಬಿಟ್ಟು ಬೇರೆ ಯಾರೂ ಮಾಡುತ್ತಿರಲಿಲ್ಲ. ಕಾಲುಚೀಲವನ್ನು ಒಗೆದು ಒಣಗಿಸಿದಳು. ಒಣಗಿದ ಮೇಲೆ ನೋಡಿದರೆ ಹರಡಿನ ಜಾಗದಲ್ಲಿ ಸುಕ್ಕು. ಅವಳ ಕೈಯಿಂದ ಸುಕ್ಕು ಹೊತ್ತು ಒಂದು ಕರವಸ್ತ್ರವೂ ಬೀದಿಗೆ ಇಳಿದದ್ದಿಲ್ಲ. ನೀರು ಚಿಮುಕಿಸಿದಳು, ಪೆಟ್ಟಿಗೆ ಒತ್ತಿದಳು. ಹಬೆ ಎದ್ದಿತು, ಅವಳೂ ಎದ್ದಳು. ಒಂಥರಾ ವಾಸನೆ ಬಂದದ್ದು ಎಲ್ಲೋ ದೂರದಲ್ಲಿ ತಿಳಿಯಿತು. ಮುಂಭಾಗಕ್ಕೆ ನೇರವಾಗಿ ಗೆರೆ ಹೊಡೆದು, ಹೆಡ್‌ಮಾಸ್ತರ ಪ್ಯಾಂಟಿನ ಪಕ್ಕದಲ್ಲಿ ಹ್ಯಾಂಗರಿಗೆ ಹಾಕಿದಳು.

ಮರುದಿನ ಬೆಳಿಗ್ಗೆ ಪುಟ್ಟಿ ಬರುವಷ್ಟರಲ್ಲಿ ಅಕ್ಕ ತಾನೇ ಹಾಕಿಕೊಂಡು ಕೂತಿದ್ದಳು. "ನೋಡೇ, ಎಷ್ಟು ಸಲೀಸಾಗಿ ಹೋಯ್ತು! ಎಲ್ಲಾ ಅಭ್ಯಾಸದ ಮೇಲೆ ನಿಂತಿರೋದು" ಎಂದಳು ಹೆಮ್ಮೆಯಿಂದ. ಪುಟ್ಟಿ ನೋಡಿದಳು. ಕಾಲುಚೀಲ ಹರಡಿನ ಹತ್ತಿರ ಸೋತು ಕುಸಿದು ಬಿದ್ದಿತ್ತು. ಮುಂಭಾಗದಲ್ಲಿ ಮೇಲಿಂದ ಕೆಳಗೆ ಕತ್ತಿಯಲ್ಲಿ ಕೊರೆದ ಹಾಗೆ ಗೆರೆ.

"ಅಕ್ಕಾ... ಇದನ್ನ ಇಸ್ತ್ರಿ ಮಾಡಿದ್ಯಾ?"

"ಮತ್ತೆ? ಹಾಗೇ ಹಾಕ್ಕೊಳ್ಳೋಕೆ ನಾನೇನು ಕಾಡಿನಿಂದ ಬಂದಿದೀನಾ?"

ಪುಟ್ಟಿ ಮಂಚದ ಕಾಲು ಹಿಡಿದುಕೊಂಡು ನಕ್ಕಳು. ಬಿಗಿ ಎಲ್ಲಾ ಸುಟ್ಟುಹೋಗಿದೆ, ಇದು ಇನ್ನು ಯಾತಕ್ಕೂ ಬಾರದು ಎಂದು ಬಿಡಿಸಿ ಹೇಳಿದಳು. ಅಕ್ಕ ಒಪ್ಪುವವಳೇ? ತಾನು ಹಿಡಿದ ಮೊಲಕ್ಕೆ ಮೂರೇ ಕಾಲು. ಇದೇ ಹಿತವಾಗಿದೆ, ಮೊದಲಿನದು ಉಸಿರು ಕಟ್ಟಿಸುತ್ತಿತ್ತು ಎಂದು ವಾದಿಸಿದಳು. ಹೊಸದು ತರಲು ಬಿಡಲಿಲ್ಲ. ಸತ್ತ ಕಾಲುಚೀಲವನ್ನು ಮೊಣಕಾಲಿನ ಹತ್ತಿರ ದಾರ ಕಟ್ಟಿ ನಿಲ್ಲಿಸಿಕೊಂಡು ದಿನಾ ಮೇಜಿನ ಮುಂದೆ ನಿಂತಳು. ಮಧ್ಯಾಹ್ನ ಮಲಗು ಎಂದರೆ, "ಹಗಲು ಹೊತ್ತು ಕಾಲು ಚಾಚೋದು ಹೆಣ ಒಂದೇ" ಎಂದಳು. ಕಾಲು ಮತ್ತೆ ಊದಿತು. ತುರಿಕೆ ಬಂದೆ ಬಂದೆ ಎಂದು ಬಂತು. ಒಂದು ಸಂಜೆ ದಾರ ಬಿಚ್ಚಿ ನೋಡಿದರೆ ಕಂದಿದ ಜಾಗದ ನಡುವೆ ಮಣಿಯಷ್ಟು ಅಗಲಕ್ಕೆ ಚರ್ಮ ಬಾಯಿ ಬಿಟ್ಟಿತ್ತು.

ಅಕ್ಕ ಆ ಮಣಿಯನ್ನು ಬಹಳ ಹೊತ್ತು ನೋಡಿದಳು. ಅವಳಿಗೆ ಭಯವಾಯಿತು. ತನಗೆ ಏನಾದರೂ ಆದೀತು ಎಂಬ ಭಯವಲ್ಲ ಅದು. ತಾನು ಮಂಚ ಹಿಡಿದರೆ ಮೇಜಿನ ಮುಂದೆ ಯಾರು ನಿಲ್ಲುತ್ತಾರೆ ಎಂಬುದು.

ಪುಟ್ಟಿ ಗುಟ್ಟಾಗಿ ತಂದಿಟ್ಟಿದ್ದ ಹೊಸ ಕಾಲುಚೀಲವನ್ನು ಕೈಯಲ್ಲಿ ಹಿಡಿದು ನಿಂತಿದ್ದಳು. "ಇದನ್ನ ನಾನೇ ಒಗೀತೀನಿ, ನಾನೇ ಒಣಗಿಸ್ತೀನಿ. ನೀನು ಇದರ ಹತ್ರ ಪೆಟ್ಟಿಗೆ ತಂದ್ರೆ ನಿನ್ನ ಕೈ ಮುರೀತೀನಿ. ಮತ್ತೆ ನಾಳೆಯಿಂದ ಊಟ ಆದ ಮೇಲೆ ನೀನು ಪರದೆ ಹಿಂದೆ. ಪೆಟ್ಟಿಗೆ ನನಗೆ."

"ಅಂಗಿಗಳ ಗತಿ?"

"ಒಂದು ಕಾಲರ್ ಅಕ್ಕಾ. ಒಂದೇ ಒಂದು ಕಾಲರ್. ಆವಾಗ ನನಗೆ ಎರಡು ಜಡೆ ಇತ್ತು. ಈಗ ನೋಡು ನನ್ನ ತಲೆ." ಪುಟ್ಟಿ ನರೆಗೂದಲನ್ನು ಹಿಡಿದು ತೋರಿಸಿದಳು. "ಇಷ್ಟು ವರ್ಷ ಆ ಕಾಲರ್ ಹಿಡ್ಕೊಂಡು ನನ್ನನ್ನ ಸ್ಟೂಲಿಗೆ ಕಟ್ಟಿಹಾಕಿದೀಯ. ನಾನು ಅಷ್ಟು ದಂಡನಾ?"

ಹೇಳಿಬಿಡಲೇ ಎನಿಸಿತು ಅಕ್ಕನಿಗೆ. ನೀನು ದಂಡ ಅಲ್ಲ ಕಣೇ, ನಿನ್ನ ಕಾಲು ಉಳೀಲಿ ಅಂತ. ಮಾತು ಗಂಟಲವರೆಗೆ ಬಂತು, ಅಲ್ಲೇ ಕೂತಿತು. ಹೇಳಿದರೆ ಪುಟ್ಟಿ ಮಧ್ಯಾಹ್ನ ಮಾತ್ರವಲ್ಲ, ಇಡೀ ದಿನ ಪೆಟ್ಟಿಗೆ ಬಿಡುವವಳಲ್ಲ. ಸ್ವಲ್ಪ ಹೊತ್ತು ತಾನೇ, ಅಷ್ಟರಲ್ಲಿ ಅವಳ ಕಾಲಿಗೇನಾಗುತ್ತದೆ ಎಂದು ತನಗೆ ತಾನೇ ಹೇಳಿಕೊಂಡು, "ಸರಿ. ತೋಳಿಗೆ ಗೆರೆ ನೆಟ್ಟಗೆ ಬರಲಿ" ಎಂದಷ್ಟೇ ಅಂದಳು.

ಹಾಸಿಗೆ ಇದ್ದಷ್ಟು ಕಾಲು ಚಾಚು ಎಂದು ದೊಡ್ಡವರು ಹೇಳಿಟ್ಟಿದ್ದಾರೆ. ಗೋಡೆ ಇದ್ದಷ್ಟು ಚಾಚು ಎಂದು ಯಾರೂ ಹೇಳಿಲ್ಲ. ಪರದೆಯ ಹಿಂದೆ ಚಾಪೆ ಹಾಸಿ, ಬೆನ್ನು ನೆಲಕ್ಕೆ ಕೊಟ್ಟು, ಎರಡೂ ಕಾಲನ್ನು ಗೋಡೆಗೆ ಎತ್ತಿ ಒರಗಿಸಿದಾಗ ಅಕ್ಕನಿಗೆ ನಾಚಿಕೆಯಿಂದ ಮೈಯೆಲ್ಲ ಮುದುಡಿತು. ಲೋಕವೇ ತಲೆಕೆಳಗಾಗಿತ್ತು. ಮೊದಲ ದಿನ ಕಿವಿಯೆಲ್ಲ ಮೇಜಿನ ಕಡೆಗೇ. ಪುಟ್ಟಿಯ ಪೆಟ್ಟಿಗೆ ನಿಧಾನ, ಪುಟ್ಟಿಯ ಪೆಟ್ಟಿಗೆ ಅವಸರ; ನೀರು ಹೆಚ್ಚಾಯಿತು, ನೀರು ಸಾಲಲಿಲ್ಲ. ಏಳಬೇಕು ಎಂದು ಮೊಣಕೈ ಊರುವಳು, ಕಾಲಿನ ಮಣಿ ನೆನಪಾಗಿ ಮತ್ತೆ ಒರಗುವಳು.

ದಿನ ಕಳೆದ ಹಾಗೆ ಕಿವಿ ಸುಮ್ಮನಾಯಿತು. ಬಾಗಿಲಿನ ಬೆಳಕು ಕಂಬಿಯ ಬಟ್ಟೆಗಳ ನಡುವೆ ಸೋಸಿ ಪರದೆಯ ಮೇಲೆ ಬೀಳುತ್ತಿತ್ತು. ಫ್ಯಾನು ತಿರುಗಿದರೆ ಊರವರ ನೆರಳೆಲ್ಲ ಅಲ್ಲಿ ನಿಧಾನವಾಗಿ ನಡೆದಾಡುವುದು. ಕಾಲಿನಲ್ಲಿ ಏನೋ ಇಳಿಯುತ್ತಿತ್ತು, ಹಿಮ್ಮಡಿಯಿಂದ ಮೊಣಕಾಲಿಗೆ, ಮೊಣಕಾಲಿನಿಂದ ತೊಡೆಗೆ. ಅರ್ಧ ದಾರಿಯಲ್ಲಿ ಕೂತಿದ್ದ ಕೆಂಪು ಬಟ್ಟೆಯ ಜನ ಈಗ ಹತ್ತಬೇಕಾಗಿರಲಿಲ್ಲ. ಇಳಿಜಾರಿನಲ್ಲಿ ಹಗುರಾಗಿ ಮನೆ ಕಡೆ ಹೊರಟಿದ್ದರು. ಪಾದ ಹಗುರಾಗಿ, ಕಾಲು ಹಗುರಾಗಿ, ಕೊನೆಗೆ ತನಗೆ ಕಾಲಿದೆ ಎಂಬುದೇ ಮರೆತುಹೋಗುತ್ತಿತ್ತು. ನಿಂತು ಕಂಡ ಕನಸುಗಳಲ್ಲಿ ಅವಳು ಎಂದೂ ಒಬ್ಬಂಟಿ. ಮಲಗಿ ಕಂಡ ಕನಸಿನಲ್ಲಿ ಅಮ್ಮ ಬಂದಳು. ಕಾಲಿಗೆ ಬಟ್ಟೆ ಸುತ್ತಿರಲಿಲ್ಲ. ಆ ಬಿಳಿ ಮರಳಿನ ಮೇಲೆ ಸ್ವಲ್ಪ ದೂರದಲ್ಲಿ ಸೀರೆ ಎತ್ತಿ ಹಿಡಿದು ನಡೆಯುತ್ತಿದ್ದಳು. ಮೀನಖಂಡ ಹುಡುಗಿಯರ ಕಾಲಿನ ಹಾಗೆ ನುಣುಪಾಗಿತ್ತು. ಅಕ್ಕ ಹಿಂದೆ ಹಿಂದೆ ಹೋದಳು. ಕರೆಯಲಿಲ್ಲ, ಕರೆದರೆ ಎಚ್ಚರವಾಗುತ್ತದೆ ಎಂದು ಕನಸಿನಲ್ಲೂ ಗೊತ್ತಿತ್ತು.

ಮಣಿ ಮುಚ್ಚಿಕೊಂಡಿತು. ಹೊಸ ಚರ್ಮ ತೆಳ್ಳಗೆ, ಹೊಳೆಯುತ್ತ ಬಂತು. ಪುಟ್ಟಿ ಒತ್ತಿದ ಅಂಗಿಗಳನ್ನು ಗಿರಾಕಿಗಳು ತಗೊಂಡು ಹೋದರು. ಒಬ್ಬರೂ ತಕರಾರು ತೆಗೆಯಲಿಲ್ಲ. ಅಕ್ಕನಿಗೆ ಇದರಿಂದ ಸಂತೋಷವಾಯಿತು, ಸ್ವಲ್ಪ ಹೊಟ್ಟೆಯುರಿಯೂ ಆಯಿತು. ಅಷ್ಟು ಆಗದಿದ್ದರೆ ಅವಳು ಮನುಷ್ಯಳೇ ಅಲ್ಲ.

ಅವತ್ತು ಸೆಕೆ. ಕಾಲು ಗೋಡೆಗೆ ಕೊಟ್ಟು ಮಲಗಿದ್ದ ಅಕ್ಕ ತಲೆಯನ್ನು ಚಾಪೆಯ ತಂಪಾದ ಮಗ್ಗುಲಿಗೆ ಹೊರಳಿಸಿದಳು. ಪರದೆ ನೆಲದವರೆಗೆ ಇರಲಿಲ್ಲ. ಅದರ ಕೆಳಗಿಂದ ಮೇಜಿನ ಕಾಲು ಕಂಡಿತು, ಅದರ ಪಕ್ಕದಲ್ಲಿ ಪುಟ್ಟಿಯ ಪಾದ. ಇಷ್ಟು ವರ್ಷ ಒಂದೇ ಕೋಣೆಯಲ್ಲಿ ಕಳೆದರೂ ಅಕ್ಕ ತಂಗಿಯ ಮುಖ ನೋಡಿದ್ದಳು, ಕೈ ನೋಡಿದ್ದಳು. ಪಾದ ನೋಡಿರಲಿಲ್ಲ, ಅದು ಎಂದೂ ಕೌಂಟರಿನ ಕೆಳಗಿನ ಕತ್ತಲಲ್ಲಿ ಸ್ಟೂಲಿನಿಂದ ಇಳಿಬಿದ್ದಿರುತ್ತಿತ್ತು. ಅಕ್ಕ ಅರೆನಿದ್ದೆಯಲ್ಲಿ ನೋಡುತ್ತಿರುವಾಗ ಪುಟ್ಟಿ ಒಂದು ಚಪ್ಪಲಿ ಕಳಚಿದಳು. ಚಪ್ಪಲಿಯ ಪಟ್ಟಿ ಇದ್ದ ಜಾಗದಲ್ಲಿ ಆಳವಾದ ಗುರುತು. ಕಳಚಿದ ಪಾದವನ್ನು ಎತ್ತಿ, ಹೆಬ್ಬೆರಳಿನಿಂದ ಇನ್ನೊಂದು ಕಾಲಿನ ಹರಡಿನ ಮೇಲೆ ಮೆಲ್ಲಗೆ ಉಜ್ಜಿದಳು. ಉಜ್ಜಿ, ನಿಲ್ಲಿಸಿ, ಮತ್ತೆ ಜೋರಾಗಿ ಉಜ್ಜಿದಳು. ಸೀರೆಯ ಅಂಚು ಸರಿಯಿತು. ಅಲ್ಲಿ ಕಂದು ಬಣ್ಣ.

ಅಕ್ಕ ಇದೂ ಕನಸಿರಬೇಕು ಎಂದುಕೊಂಡಳು. ಕಣ್ಣುಜ್ಜಿಕೊಂಡಳು. 

"ಪುಟ್ಟೀ."

"ಮಲ್ಕೋ ಅಕ್ಕಾ. ಇನ್ನೂ ಹೊತ್ತಿದೆ."

"ಯಾವಾಗಿಂದ ಇದು?"

ಪೆಟ್ಟಿಗೆ ನಿಂತಿತು. ಉಜ್ಜುತ್ತಿದ್ದ ಪಾದ ತಟ್ಟನೆ ಚಪ್ಪಲಿಯೊಳಗೆ ಸೇರಿತು. ಆಮೇಲೆ ಪುಟ್ಟಿ ಪರದೆ ಸರಿಸಿ ನಿಂತಳು.

"ತುಂಬಾ ದಿನ ಆಯ್ತು. ನಿನ್ನ ಕಾಲು ನೋಡೋಕೂ ಮುಂಚೆಯಿಂದ."

"ನೀನು ಕೂತಿದ್ಯಲ್ಲೇ!" ಅಕ್ಕನ ದನಿ ಕಿರುಚಿದ ಹಾಗೆ ಬಂತು. "ನೀನು ಯಾವತ್ತೂ ಕೂತೇ ಇದ್ದೆ. ನಿನಗೆ ಹೇಗೆ ಬಂತು?"

"ಡಾಕ್ಟ್ರು ಹೇಳಿದ್ರಲ್ಲ. ನಿಂತೇ ಇರೋದು, ಕಾಲು ಇಳಿಬಿಟ್ಟು ಕೂತೇ ಇರೋದು, ರಕ್ತಕ್ಕೆ ಎರಡೂ ಒಂದೇ ಅಂತ. ಅಮ್ಮನಿಂದ ಮಕ್ಕಳಿಗೂ ಬರುತ್ತಂತೆ. ನೀನು ಆವಾಗ ಊರಲ್ಲಿರ್ಲಿಲ್ಲ."

ಅಕ್ಕ ಮಲಗಿದ್ದಲ್ಲೇ ಅತ್ತುಬಿಟ್ಟಳು. ಕಾಲು ಮೇಲೆ, ತಲೆ ಕೆಳಗೆ. ಕಣ್ಣೀರು ಕೆನ್ನೆಗಿಳಿಯದೆ ಕಿವಿಯ ಕಡೆ ಹರಿಯಿತು. ಮಾಡಿದ್ದೆಲ್ಲ ನೀರಿನಲ್ಲಿ ಹೋಮವಾಗಿತ್ತು. ನಾಲ್ಕು ಜನರ ಮುಂದೆ ನಗಾಡಿದ್ದು, ಆರದ ಹಾಗೆ ಇಟ್ಟುಕೊಂಡ ಆ ಕಾಲರ್, ಪೆಟ್ಟಿಗೆ ಮುಟ್ಟಲೂ ಬಿಡದೆ ತಂಗಿಯನ್ನು ದೂರ ಇಟ್ಟದ್ದು, ಎಲ್ಲ. "ನಿನ್ನ ಕಾಲು ಉಳೀಲಿ ಅಂತ ಕಣೇ" ಎಂದಳು. ಗಂಟಲಲ್ಲಿ ಕೂತಿದ್ದ ಮಾತು ಈಗ ತಾನಾಗೇ ಹೊರಗೆ ಬಂತು. "ಅಮ್ಮನ ಕಾಲು ನಿನಗೆ ಬರಬಾರದು ಅಂತ. ನೀನು ದಂಡ ಅಂತ ನಾನು ಯಾವತ್ತೂ ಅಂದ್ಕೊಂಡಿಲ್ಲ. ಒಂದು ದಿನಾನೂ ಇಲ್ಲ."

ಪುಟ್ಟಿ ಅಲ್ಲೇ ನಿಂತಳು. ಅವಳ ಮುಖದ ಮೇಲೆ ಮೊದಲು ಸಿಟ್ಟು ಬಂದು ಹೋಯಿತು. ಆಮೇಲೆ ಬಂದದ್ದಕ್ಕೆ ಹೆಸರಿಲ್ಲ. "ಇಷ್ಟು ದೊಡ್ಡ ಪೆದ್ದಿನ ನಾನು ಅಕ್ಕಾ ಅಂತ ಕರೀತಿದ್ನಾ?" ಎಂದಳು, ಮೂಗು ಒರೆಸಿಕೊಳ್ಳುತ್ತ.

"ನೀನು ಯಾಕೆ ಬಚ್ಚಿಟ್ಟೆ?"

"ಹೇಳಿದ್ರೆ ನೀನು ನನ್ನನ್ನ ಸ್ಟೂಲಿಂದಾನೂ ಇಳಿಸಿ ಮೇಲೆ ಮನೇಲಿ ಕೂಡಿಹಾಕ್ತಿದ್ದೆ. ಗುಂಡೀನೂ ನೀನೇ ಹಾಕ್ತಿದ್ದೆ, ನಿಂತ್ಕೊಂಡೇ."

ಅಕ್ಕನಿಗೆ ಅಳುವಿನ ನಡುವೆ ನಗು ಬಂತು. ನಿಜ, ಹಾಗೇ ಮಾಡುತ್ತಿದ್ದಳು. ಚಾಪೆಯ ಮೇಲೆ ಒತ್ತರಿಸಿ ಮಲಗಿ, ಪಕ್ಕದ ಜಾಗವನ್ನು ಅಂಗೈಯಲ್ಲಿ ತಟ್ಟಿದಳು. "ಪೆಟ್ಟಿಗೆ ಆರಿಸು. ಬಾಗಿಲು ಎಳ್ಕೊಂಡು ಬಾ ಇಲ್ಲಿ."

"ಈ ಹೊತ್ತಲ್ಲಾ? ಬ್ಯಾಂಡಿನವರು ಕೋಟಿಗೆ ಬರ್ತಾರೆ."

"ಬಾ ಅಂದೆ."

ಪುಟ್ಟಿ ಸ್ವಿಚ್ಚು ಆರಿಸಿ, ಶಟರನ್ನು ಅರ್ಧಕ್ಕೆ ಎಳೆದು ಬಂದಳು. ಚಾಪೆ ಇಬ್ಬರಿಗೆ ಸಾಲದು. ಒಬ್ಬೊಬ್ಬರ ಒಂದು ಭುಜ ನೆಲದ ಮೇಲೆ. ಗೋಡೆಯ ಮೇಲೆ ನಾಲ್ಕು ಕಾಲು ಸಾಲಾಗಿ ನಿಂತವು, ಎರಡು ಕಾಲುಚೀಲ ಹಾಕಿದ್ದು, ಎರಡು ಬರಿಯದು. ಕಾಲುಚೀಲದ ಒಳಗೂ ಹೊರಗೂ ಒಂದೇ ಬಣ್ಣದ ಕಲೆ, ಒಂದೇ ಎತ್ತರದಲ್ಲಿ. ನಾಳೆ ಡಾಕ್ಟರ ಹತ್ತಿರ ಹೋಗುವುದೆಂದು ಅಕ್ಕ ಹೇಳಿದಳು, ಪುಟ್ಟಿ ಹೂಂ ಎಂದಳು. ಇನ್ನು ಮೇಲೆ ಸ್ವಲ್ಪ ಹೊತ್ತು ಇವಳು ನಿಲ್ಲುವುದು, ಸ್ವಲ್ಪ ಹೊತ್ತು ಅವಳು. ಮಧ್ಯಾಹ್ನ ಇಬ್ಬರೂ ಗೋಡೆಗೆ ಎಂದಾಯಿತು. ಪುಟ್ಟಿಯ ಉಸಿರು ನಿಧಾನವಾಯಿತು. "ಅಕ್ಕಾ, ಕಾಲೊಳಗೆ ಏನೋ ಇಳೀತಿದೆ" ಎಂದಳು, ನಿದ್ದೆಗಣ್ಣಿನಲ್ಲಿ. "ಇಳೀಲಿ, ಮನೆಗೆ ಹೋಗ್ತಿದಾರೆ" ಎಂದಳು ಅಕ್ಕ. ಯಾರು ಎಂದು ಪುಟ್ಟಿ ಕೇಳಲಿಲ್ಲ. ಹೊರಗೆ ಬೀದಿಯ ಸದ್ದು ದೂರ ದೂರ ಸರಿಯಿತು.

ಅಷ್ಟರಲ್ಲಿ ಯಾರೋ ಶಟರ್ ಬಡಿದರು. "ಯಾರಿದೀರಿ ಒಳಗೆ? ಅಕ್ಕಾ? ಕೋಟು ಆಯ್ತಾ?"

ಪುಟ್ಟಿ ಬೆಚ್ಚಿ ಏಳಲು ಹೋದಳು. ಅಕ್ಕ ಕಣ್ಣು ತೆರೆಯದೆಯೇ ಅವಳ ಮಣಿಕಟ್ಟು ಹಿಡಿದುಕೊಂಡಳು.

"ಸುಮ್ನಿರೇ. ನಾವು ಇಷ್ಟು ವರ್ಷ ನಿಂತಿಲ್ವಾ? ಅವನೂ ಸ್ವಲ್ಪ ನಿಂತ್ಕೊಳ್ಳಲಿ."